ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರ ಹಿತ್ತಲಲ್ಲಿ ನಿತ್ಯಪುಷ್ಪದ ಗಿಡ ಇದ್ದಿರಲಾರದು. ಐದು ಎಸಳಿನ ಗುಲಾಬಿ ಇಲ್ಲವೇ ಬಿಳಿ ಹೂ, ನಡುವೆ ಕುಂಕುಮದ ಬೊಟ್ಟಿನಂಥ ಚುಕ್ಕೆ, ಎಣ್ಣೆ ಸವರಿದಂತೆ ಮಿರುಗುವ ಎಲೆ. ಕೆಲವು ಕಡೆ ಇದನ್ನೇ ಕಾಶಿಕಣಗಿಲೆ ಎನ್ನುತ್ತಾರೆ. ನೀರು ಹಾಕಿದರೂ ಸರಿ, ಹಾಕದಿದ್ದರೂ ಸರಿ, ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ, ಸ್ಮಶಾನದ ದಾರಿಯಲ್ಲಿ ತನ್ನಷ್ಟಕ್ಕೆ ಬೆಳೆದು ವರ್ಷವಿಡೀ ಹೂ ಬಿಡುತ್ತದೆ. ಬೇಲಿ ಹಾರಿ ಬಂದ ಆಡು ದಾಸವಾಳ, ಗುಲಾಬಿ, ತುಳಸಿ ಎಲ್ಲವನ್ನೂ ಬೋಳಿಸಿ ಹೋಗುತ್ತದೆ. ನಿತ್ಯಪುಷ್ಪದ ಬಳಿ ಬಂದು, ಮೂಸಿ, ಮುಖ ತಿರುಗಿಸುತ್ತದೆ. ಅದು ಅಷ್ಟು ಕಹಿ.

ಈ ಎಲೆಯ ಚರಿತ್ರೆ ಬರೆಯಲು ಕೂತರೆ ಮೊದಲು ಸಕ್ಕರೆ ಕಾಯಿಲೆಯ ಮಾತು ಬರುತ್ತದೆ, ಕ್ಯಾನ್ಸರ್ ಬರುವುದು ಆಮೇಲೆ. ಮಡಗಾಸ್ಕರ್ ದ್ವೀಪದಲ್ಲಿ ಹುಟ್ಟಿದ ಗಿಡ ಹಡಗು ಹತ್ತಿ ಪ್ಯಾರಿಸ್ಸಿನ ರಾಜೋದ್ಯಾನಕ್ಕೆ, ಅಲ್ಲಿಂದ ಲಂಡನ್ನಿನ ಚೆಲ್ಸಿಯ ಔಷಧಿ ತೋಟಕ್ಕೆ ಬಂದು, 1759ರಲ್ಲಿ ಲಿನೇಯಸನ ಕೈಯಲ್ಲಿ 'ವಿಂಕಾ ರೋಸಿಯಾ' ಎಂಬ ಹೆಸರು ಪಡೆಯಿತು. ಈಗಿನ ಹೆಸರು ಕ್ಯಾಥರಾಂಥಸ್ ರೋಸಿಯಸ್. ಬಿಸಿಲು ಬೀಳುವ ಊರುಗಳಲ್ಲೆಲ್ಲ ಅದು ಬೇರೂರಿತು. ಬೇರೂರಿದ ಹಲವು ಕಡೆ ಜನ ಅದರ ಎಲೆಯನ್ನು ಸಕ್ಕರೆ ಕಾಯಿಲೆಗೆ ಕುದಿಸಿ ಕುಡಿಯತೊಡಗಿದರು. ಒಬ್ಬರನ್ನೊಬ್ಬರು ಕಾಣದ ಜಮೈಕಾದವರು, ಫಿಲಿಪ್ಪೀನ್ಸಿನವರು, ನಮ್ಮವರು ಎಲ್ಲರೂ ಇದೇ ನಂಬಿಕೆಗೆ ಹೇಗೆ ಬಂದರು ಎನ್ನುವುದು ನನಗೆ ಇಂದಿಗೂ ಬೆರಗು.

1952ರಲ್ಲಿ ಜಮೈಕಾದಿಂದ ಕೆನಡಾಕ್ಕೆ ಒಂದು ಅಂಚೆ ಲಕೋಟೆ ಬಂತು. ಒಳಗೆ ನಿತ್ಯಪುಷ್ಪದ 25 ಎಲೆಗಳು. ಇನ್ಸುಲಿನ್ ಸಿಗದ ಕಡೆ ಇಲ್ಲಿನ ಜನ ಈ ಎಲೆಯ ಕಷಾಯ ಕುಡಿಯುತ್ತಾರೆ, ಪರೀಕ್ಷಿಸಿ ನೋಡಬಹುದೇ ಎಂಬ ಮಾತೂ ಜೊತೆಗಿತ್ತು. ಲಕೋಟೆ ತಲುಪಿದ್ದು ಡಾ. ಕ್ಲಾರ್ಕ್ ನೋಬಲ್ ಎಂಬ ವೈದ್ಯರಿಗೆ. ಈ ಕ್ಲಾರ್ಕ್ ನೋಬಲ್ ಯಾರು ಅಂದರೆ, 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಹುಡುಕುತ್ತಿದ್ದ ಫ್ರೆಡರಿಕ್ ಬ್ಯಾಂಟಿಂಗ್‌ಗೆ ಸಹಾಯಕರಾಗಿ ಮೊದಲು ಯಾರು ಹೋಗಬೇಕು ಎಂದು ಇಬ್ಬರು ವಿದ್ಯಾರ್ಥಿಗಳು ನಾಣ್ಯ ಚಿಮ್ಮಿದರಲ್ಲ, ಅದರಲ್ಲಿ ಸೋತವರು. ಗೆದ್ದ ಚಾರ್ಲ್ಸ್ ಬೆಸ್ಟ್ ಆ ಬೇಸಿಗೆಯಲ್ಲೇ ಇನ್ಸುಲಿನ್ನಿನ ಚರಿತ್ರೆ ಸೇರಿಬಿಟ್ಟರು. ಮೂವತ್ತೊಂದು ವರ್ಷ ಕಳೆದ ಮೇಲೆ ಬಂದ ಎಲೆಗಳನ್ನು ಕ್ಲಾರ್ಕ್ ತಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. ಸಹೋದರ ರಾಬರ್ಟ್‌ಗೆ ಕಳಿಸಿಕೊಟ್ಟರು.

ರಾಬರ್ಟ್ ಲೈಂಗ್ ನೋಬಲ್ ಆಗ ಒಂಟಾರಿಯೋ ಪ್ರಾಂತ್ಯದ ಲಂಡನ್ ಎಂಬ ಊರಲ್ಲಿದ್ದರು. ಇದು ಇಂಗ್ಲೆಂಡಿನ ಲಂಡನ್ ಅಲ್ಲ, ಕೆನಡಾದ ಊರು. ಬ್ಯಾಂಟಿಂಗ್‌ಗೆ 1920ರ ಅಕ್ಟೋಬರಿನ ಒಂದು ರಾತ್ರಿ ನಿದ್ದೆ ಬಾರದೆ ಇನ್ಸುಲಿನ್ ವಿಚಾರ ಹೊಳೆದದ್ದೂ ಇದೇ ಊರಲ್ಲಿ. ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದ ಕಾಲಿಪ್ ಸಂಶೋಧನಾಲಯದಲ್ಲಿ ರಾಬರ್ಟ್ ಕೆಲಸ ಮಾಡುತ್ತಿದ್ದರು. ಅದರ ಮುಖ್ಯಸ್ಥ ಜೇಮ್ಸ್ ಕಾಲಿಪ್, ಬ್ಯಾಂಟಿಂಗ್ ತಂಡ ತೆಗೆದ ಒರಟು ರಸವನ್ನು ಶುದ್ಧ ಮಾಡಿ ರೋಗಿಗೆ ಕೊಡುವಂತೆ ಮಾಡಿದವರು. ಹೀಗೆ ಇನ್ಸುಲಿನ್ನಿನ ಬಳಗದವರ ಕೈಗೇ, ಇನ್ಸುಲಿನ್ನಿಗೆ ಬದಲಿ ಇರಬಹುದೆಂಬ ಆಸೆ ಹೊತ್ತು ಆ ಎಲೆ ಬಂದು ಸೇರಿತು. ರಾಬರ್ಟ್ ಹಾರ್ಮೋನುಗಳ ತಜ್ಞ. ಕ್ಯಾನ್ಸರ್ ಔಷಧಿ ಹುಡುಕಬೇಕೆಂಬ ಯೋಚನೆ ಈ ಕೆಲಸದ ಆರಂಭದಲ್ಲಿ ಎಲ್ಲೂ ಇರಲಿಲ್ಲ.

ಮೊದಲು ಎಲೆಯ ಕಷಾಯವನ್ನು ಇಲಿಗಳಿಗೆ ಕುಡಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಹೊಟ್ಟೆಗೆ ಹೋದದ್ದು ಜೀರ್ಣವಾಗಿ ಗುಣ ಕೆಟ್ಟಿರಬಹುದು ಎಂದುಕೊಂಡು ರಸವನ್ನು ಇನ್ನಷ್ಟು ಗಟ್ಟಿ ಮಾಡಿ ನೇರ ರಕ್ತಕ್ಕೇ ಚುಚ್ಚಿದರು. ಸಕ್ಕರೆ ಆಗಲೂ ಕದಲಲಿಲ್ಲ. ಆದರೆ ಐದಾರು ದಿನ, ಒಂದು ವಾರ ಕಳೆಯುವಷ್ಟರಲ್ಲಿ ಇಲಿಗಳು ಸತ್ತವು.

ಪ್ರಯೋಗಾಲಯದಲ್ಲಿ ಇಲಿ ಸಾಯುವುದು ದೊಡ್ಡ ಸಂಗತಿಯಲ್ಲ. ಪಂಜರ ಕೊಳಕಾಗಿತ್ತು, ಸೂಜಿ ಶುದ್ಧವಿರಲಿಲ್ಲ, ಎಲೆ ವಿಷ ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಈ ಎಲೆ ಇವರ ಇಲಿಗಳ ಸಕ್ಕರೆ ಇಳಿಸಲಿಲ್ಲ. ಆದರೆ ನೋಬಲ್ ತಂಡ ಸತ್ತ ಇಲಿಗಳನ್ನು ಕೊಯ್ದು ನೋಡಿತು. ಒಳಗೆ ಅಲ್ಲಲ್ಲಿ ಕೀವು ತುಂಬಿದ ಬಾವುಗಳು. ಅವುಗಳಲ್ಲಿ ಇದ್ದದ್ದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ನೀರಲ್ಲಿ, ಮಣ್ಣಲ್ಲಿ ಎಲ್ಲೆಲ್ಲೂ ಇರುವ ಜೀವಿ ಅದು. ಆರೋಗ್ಯವಾಗಿರುವ ಇಲಿಯನ್ನು ಅದು ಹೀಗೆ ಕೆಡವಲಾರದು. ಹಾಗಿದ್ದ ಮೇಲೆ ಇಲಿಯ ಕಾವಲು ಎಲ್ಲಿ ಹೋಯಿತು?

ರಕ್ತ ತೆಗೆದು ಎಣಿಸಿದಾಗ ತಿಳಿಯಿತು. ಬಿಳಿ ರಕ್ತಕಣಗಳು ಪಾತಾಳಕ್ಕೆ ಇಳಿದಿದ್ದವು. ಮೂಳೆಯ ಒಳಗಿನ ಮಜ್ಜೆ, ಅಂದರೆ ಆ ಕಣಗಳು ಹುಟ್ಟುವ ಜಾಗ, ಬರಿದಾಗಿತ್ತು.

ಇಲ್ಲಿ ಕೊಂಚ ನಿಲ್ಲಬೇಕು. ನಮ್ಮ ರೋಗನಿರೋಧಕ ಶಕ್ತಿ ಎಂದು ನಾವು ಒಂದೇ ಮಾತಲ್ಲಿ ಹೇಳುವುದು ದಿನದಿನವೂ ಹೊಸದಾಗಿ ಹುಟ್ಟಬೇಕಾದ ಪಡೆ. ದೊಡ್ಡ ಮನುಷ್ಯನೊಬ್ಬನ ಮಜ್ಜೆ ಒಂದೇ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ಮಾಡಿ ಹೊರಬಿಡುತ್ತದೆ. ಬ್ಯಾಕ್ಟೀರಿಯಾ ಕಂಡರೆ ಮೊದಲು ಮೈಮೇಲೆ ಬೀಳುವವು ಇವೇ. ರಕ್ತದಲ್ಲಿ ಇವುಗಳ ಆಯಸ್ಸು ಹೆಚ್ಚೆಂದರೆ ಕೆಲವೇ ದಿನ. ಕೆಂಪು ಕಣದಂತೆ ಮೂರ್ನಾಲ್ಕು ತಿಂಗಳು ಬಾಳುವುದಿಲ್ಲ. ಹಾಗಾಗಿ ಮಜ್ಜೆ ಕೆಲಸ ನಿಲ್ಲಿಸಿದರೆ ಮೊದಲು ಖಾಲಿಯಾಗುವುದು ಕಾವಲುಗಾರರು. ಇಲಿಗಳು ಚುಚ್ಚಿದ ದಿನವೇ ಸಾಯದೆ ವಾರದೊಳಗೆ ಸತ್ತದ್ದರ ಲೆಕ್ಕ ಇದು. ಎಲೆಯ ರಸ ಇಲಿಯನ್ನು ಕೊಲ್ಲಲಿಲ್ಲ. ಬಾಗಿಲು ಕಾಯುವವರನ್ನು ಕೊಂದಿತು, ಬಾಗಿಲಲ್ಲೇ ಇದ್ದ ಬ್ಯಾಕ್ಟೀರಿಯಾ ಒಳಗೆ ಬಂತು.

ಇಷ್ಟು ತಿಳಿದ ಮೇಲೆ ಮುಂದಿನ ಯೋಚನೆ ಬಂತು. ರಕ್ತದ ಕ್ಯಾನ್ಸರಿನಲ್ಲಿ ಇದೇ ಬಿಳಿ ಕಣಗಳ ಕುಲವೇ ಹದ್ದು ಮೀರಿ ಬೆಳೆದು ಮಜ್ಜೆಯನ್ನು ಆಕ್ರಮಿಸುತ್ತದೆ. ಕಾವಲುಗಾರರು ಹುಟ್ಟುವುದನ್ನೇ ತಡೆದ ವಿಷ, ಅದೇ ಕುಲದಲ್ಲಿ ದಾರಿ ತಪ್ಪಿದವರನ್ನೂ ತಡೆಯಬಹುದಲ್ಲವೇ? ಸಕ್ಕರೆ ಕಾಯಿಲೆಯ ಕಡತ ಅಲ್ಲಿಗೆ ಮುಚ್ಚಿತು.

ಆದರೆ ಎಲೆಯಲ್ಲಿ ನೂರು ರಸ. ಬಿಳಿ ಕಣಗಳನ್ನು ಇಳಿಸುತ್ತಿರುವುದು ಯಾವುದು? 1954ರಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಕಡೆಯ, ಆಕ್ಸ್‌ಫರ್ಡ್‌ನಲ್ಲಿ ಓದಿದ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಥಾಮಸ್ ಬಿಯರ್ ತಂಡ ಸೇರಿದರು. ಬಿಯರ್ ಮಾಡಿದ್ದು ಕಣ್ಣಿಗೆ ಕಾಣದ, ಮನಸ್ಸನ್ನು ಹಣ್ಣು ಮಾಡುವ ಕೆಲಸ. ಒಣಗಿದ ಎಲೆಯ ಸಾರ ತೆಗೆದು, ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಸಿ, ಒಂದೊಂದು ರಸವೂ ಒಂದೊಂದು ವೇಗದಲ್ಲಿ ಇಳಿಯುವುದನ್ನು ಬೇರೆ ಬೇರೆ ಹಿಡಿಯಬೇಕು. ಹಿಡಿದ ಪ್ರತಿ ಭಾಗವನ್ನೂ ಇಲಿಗೆ ಚುಚ್ಚಿ, ದಿನ ಕಾದು, ರಕ್ತ ತೆಗೆದು ಬಿಳಿ ಕಣ ಎಣಿಸಬೇಕು. ಕಣ ಇಳಿಸಿದ ಭಾಗವನ್ನು ಇಟ್ಟುಕೊಂಡು ಉಳಿದದ್ದನ್ನು ಬದಿಗಿಟ್ಟು ಮತ್ತೆ ಕೊಳವೆಗೆ. ದಾರಿ ತೋರಿಸುವ ಯಂತ್ರ ಇರಲಿಲ್ಲ, ಇಲಿಯ ರಕ್ತವೇ ದಾರಿ ತೋರಿಸಬೇಕು. 25 ಎಲೆಯಿಂದ ಇದು ಆಗುವ ಮಾತಲ್ಲ, ಇನ್ನಷ್ಟು ಎಲೆ ತರಿಸಬೇಕಾಯಿತು. ಹೀಗೆ ಸೋಸಿ ಸೋಸಿ ಕೊನೆಗೆ ಆಲ್ಕಲಾಯ್ಡ್ ಎಂಬ ಜಾತಿಯ ಒಂದು ಶುದ್ಧ ರಸ ಹರಳಾಗಿ ನಿಂತಿತು. ವಿಂಕಾ ಗಿಡದ್ದು, ಬಿಳಿ ಕಣವನ್ನು ಇಳಿಸುವುದು ಎಂಬ ಅರ್ಥ ಬರುವಂತೆ ಅದಕ್ಕೆ ವಿಂಕಾಲ್ಯುಕೊಬ್ಲಾಸ್ಟಿನ್ ಎಂದು ಹೆಸರಿಟ್ಟರು. ಮುಂದೆ ಅದೇ ಚಿಕ್ಕದಾಗಿ ವಿನ್‌ಬ್ಲಾಸ್ಟಿನ್ ಆಯಿತು. ಹ್ಯಾರಿ ಕಟ್ಸ್ ಎಂಬ ಜೊತೆಗಾರರು ಅದು ಇಲಿಗಳ ಕ್ಯಾನ್ಸರ್ ಗಡ್ಡೆಗಳ ಮೇಲೆ ಏನು ಮಾಡುತ್ತದೆ ಎಂದು ನೋಡಿದರು.

1958ರಲ್ಲಿ ನ್ಯೂಯಾರ್ಕಿನ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ನೋಬಲ್, ಬಿಯರ್, ಕಟ್ಸ್ ಈ ಕೆಲಸವನ್ನು ಮಂಡಿಸಿದರು. ಪ್ರಬಂಧದ ಶೀರ್ಷಿಕೆಯಲ್ಲೇ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದದ್ದು ಎಂಬ ಮಾತಿದೆ. ಅದು ಅವರ ವಿನಯ. ಆಕಸ್ಮಿಕವಾಗಿದ್ದು ಇಲಿ ಸತ್ತದ್ದು ಮಾತ್ರ. ಯಾಕೆ ಸತ್ತಿತು ಎಂದು ಕೇಳಿದ್ದು, ನಾಲ್ಕಾರು ವರ್ಷ ಆ ಒಂದು ಪ್ರಶ್ನೆಯ ಹಿಂದೆ ಬಿದ್ದದ್ದು ಆಕಸ್ಮಿಕವಲ್ಲ.

ಇಂಡಿಯಾನಾಪೊಲಿಸ್‌ನ ಎಲಿ ಲಿಲ್ಲಿ ಔಷಧಿ ಕಂಪನಿಯಲ್ಲೂ ಅದೇ ಹೊತ್ತಿಗೆ ಇದೇ ಗಿಡ ಪರೀಕ್ಷೆಯಲ್ಲಿತ್ತು. ಅಲ್ಲಿ ಗಾರ್ಡನ್ ಸ್ವೊಬೋಡಾ ಎಂಬ ರಸಾಯನಶಾಸ್ತ್ರಜ್ಞ ಜಗತ್ತಿನ ನೂರಾರು ಗಿಡಗಳ ಸಾರ ತೆಗೆಯುತ್ತಿದ್ದರು, ಇರ್ವಿಂಗ್ ಜಾನ್ಸನ್ ಅವನ್ನು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇರುವ ಚಿಟ್ಟಿಲಿಗಳಿಗೆ ಕೊಟ್ಟು ನೋಡುತ್ತಿದ್ದರು. ನಿತ್ಯಪುಷ್ಪದ ಸಾರ ಪಡೆದ ಚಿಟ್ಟಿಲಿಗಳು ಉಳಿದವುಗಳಿಗಿಂತ ಬಹಳ ದಿನ ಬದುಕಿದವು. ಎರಡು ಊರುಗಳಲ್ಲಿ ಎರಡು ದಾರಿಯಿಂದ ಬಂದವರು ಒಂದೇ ಗಿಡದ ಬುಡದಲ್ಲಿ ಭೇಟಿಯಾದಂತಾಯಿತು. ಇಬ್ಬರೂ ಕೈ ಜೋಡಿಸಿದರು. ಸ್ವೊಬೋಡಾ ಇನ್ನೂ ಸೋಸಿ ಅದೇ ಎಲೆಯಿಂದ ಇನ್ನೊಂದು ಆಲ್ಕಲಾಯ್ಡ್ ತೆಗೆದರು. ಅದೇ ವಿನ್‌ಕ್ರಿಸ್ಟಿನ್. ವಿನ್‌ಬ್ಲಾಸ್ಟಿನ್ 1961ರಲ್ಲಿ, ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆದವು.

ಈ ಎರಡರ ನಡುವೆ ಇರುವ ವ್ಯತ್ಯಾಸ ಅತಿ ಸಣ್ಣದು. ನಲವತ್ತಾರು ಇಂಗಾಲದ ಪರಮಾಣುಗಳಿರುವ ದೊಡ್ಡ ರಚನೆಯಲ್ಲಿ ಒಂದೇ ಒಂದು ಮೂಲೆಯಲ್ಲಿ ಎರಡು ಹೈಡ್ರೋಜನ್ ಇರುವ ಜಾಗಕ್ಕೆ ಒಂದು ಆಕ್ಸಿಜನ್ ಬಂದರೆ ವಿನ್‌ಬ್ಲಾಸ್ಟಿನ್ ವಿನ್‌ಕ್ರಿಸ್ಟಿನ್ ಆಗುತ್ತದೆ. ಅಷ್ಟಕ್ಕೇ ಗುಣ ಬೇರೆ. ವಿನ್‌ಬ್ಲಾಸ್ಟಿನ್ ಮಜ್ಜೆಯನ್ನು ಹಿಂಡುತ್ತದೆ, ನೋಬಲ್ ಅವರ ಇಲಿಗಳಲ್ಲಿ ಕಂಡಂತೆ. ವಿನ್‌ಕ್ರಿಸ್ಟಿನ್ ಮಜ್ಜೆಯನ್ನು ಬಹುಮಟ್ಟಿಗೆ ಬಿಟ್ಟು ನರಗಳಿಗೆ ಬೀಳುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಮಜ್ಜೆ ಮೊದಲೇ ನೆಲ ಕಚ್ಚಿರುತ್ತದೆ. ಅದನ್ನು ಇನ್ನಷ್ಟು ತುಳಿಯದ ಔಷಧಿ ಸಿಕ್ಕಿದ್ದು ಎಂಥ ವರ ಎಂದು ಆ ವಾರ್ಡುಗಳ ವೈದ್ಯರಿಗೆ ಗೊತ್ತಿತ್ತು.

ಆ ವಾರ್ಡುಗಳ ಕಥೆ ಹೇಳದೆ ಮುಂದೆ ಹೋಗಲಾಗದು. 1940ರ ದಶಕದವರೆಗೆ ಲ್ಯುಕೇಮಿಯಾ ಬಂದ ಮಗು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟು 10 ಮಕ್ಕಳಲ್ಲಿ ರೋಗ ಕೆಲಕಾಲ ಹಿಮ್ಮೆಟ್ಟಿದ್ದನ್ನು ತೋರಿಸಿದರು. ಆ ಔಷಧಿ ಬಂದದ್ದು ಲೆಡರ್ಲೆ ಕಂಪನಿಯಲ್ಲಿ ನಮ್ಮ ನೆರೆರಾಜ್ಯದ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್ ನಡೆಸುತ್ತಿದ್ದ ಪ್ರಯೋಗಾಲಯದಿಂದ. ಫಾರ್ಬರ್ ವರದಿ ಅಚ್ಚಾದ ವರ್ಷವೇ ಸುಬ್ಬರಾವ್ ತೀರಿಕೊಂಡರು. ಆದರೆ ಹಿಮ್ಮೆಟ್ಟಿದ ರೋಗ ತಿಂಗಳೊಪ್ಪತ್ತಿನಲ್ಲಿ ಮರಳಿ ಬರುತ್ತಿತ್ತು. ಒಂದೊಂದು ಹೊಸ ಔಷಧಿಗೂ ಅದೇ ಗತಿ. ತಾಯಂದಿರು ಮಗು ಎದ್ದು ಕೂತದ್ದನ್ನೂ ನೋಡಿದರು, ಮತ್ತೆ ಮಲಗಿದ್ದನ್ನೂ ನೋಡಿದರು.

ವಿನ್‌ಕ್ರಿಸ್ಟಿನ್ ಬಂದಾಗ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಎಂಬ ಇಬ್ಬರು, ಒಂದಾದ ಮೇಲೊಂದು ಕೊಡುವುದನ್ನು ಬಿಟ್ಟು ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡುವ ಧೈರ್ಯ ಮಾಡಿದರು. ವಿನ್‌ಕ್ರಿಸ್ಟಿನ್, ಸುಬ್ಬರಾವ್ ಪ್ರಯೋಗಾಲಯದ ವಂಶದ ಮೆಥೊಟ್ರೆಕ್ಸೇಟ್, ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ ಮರ್ಕ್ಯಾಪ್ಟೊಪ್ಯೂರಿನ್, ಜೊತೆಗೆ ಪ್ರೆಡ್ನಿಸೋನ್. ನಾಲ್ಕೂ ಬೇರೆ ಬೇರೆ ರೀತಿಯಲ್ಲಿ ಹೊಡೆಯುವಂಥವು, ನಾಲ್ಕರ ಉಪದ್ರವವೂ ಬೇರೆ ಬೇರೆ. ಮಕ್ಕಳ ಮೇಲೆ ಇಂಥ ಕ್ರೌರ್ಯವೇ ಎಂದು ಸಹೋದ್ಯೋಗಿಗಳೇ ಆಡಿಕೊಂಡರು. ಆದರೂ ರೋಗ ಈ ಬಾರಿ ಹಿಂದೆಂದೂ ಇಲ್ಲದಷ್ಟು ದಿನ ದೂರ ಉಳಿಯಿತು. ಮರಳಿದಾಗ ಮಿದುಳಿನಲ್ಲಿ ಮರಳಿತು, ಔಷಧಿ ತಲುಪದ ಜಾಗದಲ್ಲಿ ಅಡಗಿ ಕೂತಿತ್ತು. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ತಲೆಗೆ ವಿಕಿರಣ, ಬೆನ್ನುಹುರಿಯ ನೀರಿಗೆ ಮೆಥೊಟ್ರೆಕ್ಸೇಟ್ ಕೊಟ್ಟು ಆ ಅಡಗುತಾಣವನ್ನೂ ಮುಚ್ಚಿದರು. 1967ರಲ್ಲಿ ಶುರುವಾದ ಅವರ ಚಿಕಿತ್ಸೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾದರು. ಇವತ್ತು ಸಿರಿವಂತ ದೇಶಗಳಲ್ಲಿ ಆ ಲೆಕ್ಕ ನೂರಕ್ಕೆ ತೊಂಬತ್ತರ ಹತ್ತಿರ ಇದೆ. ನಮ್ಮಲ್ಲಿ 1980ರ ದಶಕದಲ್ಲಿ ಮುಂಬೈ, ದೆಹಲಿ, ಚೆನ್ನೈಯ ಕ್ಯಾನ್ಸರ್ ಕೇಂದ್ರಗಳು ಒಟ್ಟಾಗಿ ನಡೆಸಿದ ಚಿಕಿತ್ಸಾ ಕ್ರಮದಲ್ಲೂ ವಿನ್‌ಕ್ರಿಸ್ಟಿನ್ ಇತ್ತು. ಇವತ್ತು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಬರುವ ರಾಯಚೂರಿನ ಮಗುವಿಗೂ ಮೊದಲ ವಾರಗಳಲ್ಲಿ ಸಿಗುವುದು ಅದೇ.

ನಮ್ಮ ಬಳಗದ ಒಂದು ಹುಡುಗಿಯ ಜೊತೆ ನಾನು ಅಂಥ ವಾರ್ಡಿನಲ್ಲಿ ಕೆಲವು ದಿನ ಕೂತಿದ್ದೆ. ವಾರಕ್ಕೊಮ್ಮೆ ಬರುತ್ತಿದ್ದ ಔಷಧಿ ನೀರಿನಷ್ಟೇ ತಿಳಿ, ಎರಡು ಮಿಲಿಗ್ರಾಂಗೂ ಕಡಿಮೆ. ಮೂರನೇ ವಾರದ ಹೊತ್ತಿಗೆ ಅವಳು ನಡೆಯುವಾಗ ಪಾದ ಎತ್ತಲಾರದೆ ನೆಲಕ್ಕೆ ಪಟ್ ಪಟ್ ಎಂದು ಬಡಿಯುತ್ತಿತ್ತು. ದವಡೆ ನೋವು, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಮಲಬದ್ಧತೆ. ಯಾಕೆ ಹೀಗೆ ಎಂದು ಅವಳಮ್ಮ ಕೇಳಿದರು. ನಾನು ಆಗ ಹೇಳಲಾರದೆ ಹೋದದ್ದನ್ನು ಇಲ್ಲಿ ಬರೆಯುತ್ತೇನೆ.

ಒಂದು ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಸಮನಾಗಿ ಪಾಲು ಮಾಡಿ ಎರಡು ಬದಿಗೆ ಎಳೆಯಬೇಕು. ಎಳೆಯಲು ಹಗ್ಗ ಬೇಕು. ಕೋಶ ಆ ಹಗ್ಗವನ್ನು ಟ್ಯೂಬುಲಿನ್ ಎಂಬ ಪ್ರೋಟೀನಿನ ತುಣುಕುಗಳನ್ನು ಒಂದರ ತುದಿಗೊಂದು ಸೇರಿಸುತ್ತ ಅಲ್ಲೇ ಹೊಸೆದುಕೊಳ್ಳುತ್ತದೆ. ವಿನ್‌ಕ್ರಿಸ್ಟಿನ್ ಹೋಗಿ ಆ ತುದಿಯಲ್ಲಿ ಕೂರುತ್ತದೆ. ಮುಂದಿನ ತುಣುಕು ಸೇರುವುದಿಲ್ಲ, ಹಗ್ಗ ಆಗುವುದಿಲ್ಲ, ಕೋಶ ಅರ್ಧಕ್ಕೆ ನಿಂತು ಸಾಯುತ್ತದೆ. ಹೆಚ್ಚು ವಿಭಜನೆಯಾಗುವ ಕೋಶಕ್ಕೆ ಹೆಚ್ಚು ಪೆಟ್ಟು. ಕ್ಯಾನ್ಸರ್ ಕೋಶ, ಕೂದಲ ಬುಡ ಎಲ್ಲ ಆ ಸಾಲಿನವು. ನರಕೋಶ ವಿಭಜನೆಯಾಗುವುದಿಲ್ಲ ನಿಜ, ಆದರೆ ಅದೇ ಟ್ಯೂಬುಲಿನ್ ಎಳೆಗಳು ಅಲ್ಲಿ ರಸ್ತೆ. ಬೆನ್ನುಹುರಿಯ ಬಳಿ ತಯಾರಾದ ಸಾಮಾನು ಆ ರಸ್ತೆಯಲ್ಲೇ ಕಾಲ ತುದಿಯವರೆಗೆ ಸಾಗಬೇಕು. ರಸ್ತೆ ಕಿತ್ತುಹೋದರೆ ಉದ್ದ ದಾರಿಯ ಊರಿಗೆ ಮೊದಲು ಬರ. ಅದಕ್ಕೇ ಪಾದ. ಔಷಧಿ ಮುಗಿದ ತಿಂಗಳುಗಳ ಮೇಲೆ ಹುಡುಗಿಯ ಪಾದ ಮೆಲ್ಲಗೆ ಎದ್ದಿತು.

ಇದೇ ಕಾರಣಕ್ಕೆ ಈ ಔಷಧಿ ರಕ್ತನಾಳಕ್ಕೆ ಮಾತ್ರ ಹೋಗಬೇಕು. ಪಿಂಕೆಲ್ ಕಾಲದಿಂದಲೂ ಮೆಥೊಟ್ರೆಕ್ಸೇಟ್ ಬೆನ್ನಿಗೆ, ವಿನ್‌ಕ್ರಿಸ್ಟಿನ್ ನಾಳಕ್ಕೆ. ಕೆಲವೊಮ್ಮೆ ಎರಡೂ ಒಂದೇ ದಿನ, ಒಂದೇ ಥರದ ಸಿರಿಂಜಿನಲ್ಲಿ. ಅದಲು ಬದಲಾಗಿ ವಿನ್‌ಕ್ರಿಸ್ಟಿನ್ ಬೆನ್ನುಹುರಿಗೆ ಹೋದ ರೋಗಿಗಳು ಜಗತ್ತಿನ ಹಲವು ಕಡೆ ದಿನದಿನಕ್ಕೆ ಕೆಳಗಿನಿಂದ ಮೇಲೆ ಮರಗಟ್ಟಿ ಸತ್ತಿದ್ದಾರೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿ, ಅದನ್ನು ಸಿರಿಂಜಿಗೆ ತುಂಬಲೇಬೇಡಿ, ಸಣ್ಣ ಡ್ರಿಪ್ ಚೀಲದಲ್ಲಿ ಕೊಡಿ ಎಂದಿತು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲಾರರು. ಎಷ್ಟು ಸರಳ ಉಪಾಯ, ಎಷ್ಟು ವರ್ಷ ಬೇಕಾಯಿತು!

ಈ ಚರಿತ್ರೆ ಓದಿದವರು ಮಡಗಾಸ್ಕರ್‌ಗೆ ಏನು ಸಿಕ್ಕಿತು ಎಂದು ಕೇಳುತ್ತಾರೆ, ಕೇಳಲೇಬೇಕು. ಗಿಡದ ತವರಿಗೆ ಲಾಭದ ಪಾಲು ಹೋಗಲಿಲ್ಲ. ಗಿಡ ಎರಡು ಶತಮಾನ ಮೊದಲೇ ಊರೂರು ಸೇರಿತ್ತು, ಸುಳಿವು ಬಂದದ್ದು ಜಮೈಕಾದಿಂದ ಎಂಬ ವಾದವೂ ಇದೆ. ಹಾಗಾದರೆ ಜಮೈಕಾದ ಆ ಕಷಾಯ ಕುದಿಸಿದವರಿಗಾದರೂ ಏನು ಹೋಯಿತು? ಅವರ ಹೆಸರುಗಳೂ ಉಳಿದಿಲ್ಲ. ಎಲಿ ಲಿಲ್ಲಿ ಕಂಪನಿ ಮೊದಮೊದಲು ಎಲೆಯನ್ನು ಮಡಗಾಸ್ಕರ್ ಮತ್ತು ಭಾರತದಿಂದ ತರಿಸಿಕೊಂಡಿತು, ಆಮೇಲೆ ಟೆಕ್ಸಾಸ್‌ನಲ್ಲಿ ಬೆಳೆಸಿತು. ತಮಿಳುನಾಡಿನ ಒಣಭೂಮಿಯ ರೈತರು ಇದರ ಎಲೆ, ಬೇರು ಬೆಳೆದು ಮಾರಿದರು. ಕಿಲೋಗಟ್ಟಲೆ ಮಾರಿದರೆ ಕಾಸುಗಟ್ಟಲೆ ಬರುವ ಬೆಳೆ ಅದು. ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಬೆಳಿಗ್ಗೆ ಎದ್ದು ಐದು ನಿತ್ಯಪುಷ್ಪ ಅಗಿದರೆ ಸಕ್ಕರೆ ಇಳಿಯುತ್ತದೆ, ಕಷಾಯ ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಎಂದು ನಮ್ಮೂರುಗಳಲ್ಲಿ ಇಂದಿಗೂ ಹೇಳುತ್ತಾರೆ. 500 ಕಿಲೋದಲ್ಲಿ ಒಂದು ಗ್ರಾಂ ಇರುವುದು ನಿಮ್ಮ ಲೋಟದಲ್ಲಿ ರೋಗ ತಡೆಯುವಷ್ಟು ಇರುವುದಿಲ್ಲ. ಎಲೆಯ ಉಳಿದ ವಿಷಗಳು ಇರುತ್ತವೆ. ದಯವಿಟ್ಟು ಕುಡಿಯಬೇಡಿ.

ನೋಬಲ್ 1960ರಲ್ಲಿ ವ್ಯಾಂಕೂವರಿಗೆ ಹೋಗಿ ಅಲ್ಲಿನ ಕ್ಯಾನ್ಸರ್ ಸಂಶೋಧನಾ ಕೇಂದ್ರ ನಡೆಸಿದರು, 1990ರಲ್ಲಿ ತೀರಿಕೊಂಡರು. ಬಿಯರ್ ಕೂಡ ಅಲ್ಲಿಗೇ ಹೋದರು, 2010ರವರೆಗೆ ಬದುಕಿದ್ದರು. ಎಲೆ ಎರಡು ತುಂಡು ಅಣುಗಳನ್ನು ಹೇಗೆ ಒಂದಾಗಿಸಿ ಈ ಔಷಧಿ ಮಾಡುತ್ತದೆ ಎಂಬುದರ ಪೂರ್ಣ ದಾರಿ ಗೊತ್ತಾದದ್ದು 2018ರಲ್ಲಿ, ಸಾರಾ ಓ'ಕಾನರ್ ಅವರ ತಂಡದಿಂದ. 2022ರಲ್ಲಿ ವಿಜ್ಞಾನಿಗಳು ಆ ದಾರಿಯ ಜೀನುಗಳನ್ನು ಯೀಸ್ಟಿಗೆ ಸೇರಿಸಿ, ಯೀಸ್ಟಿನಿಂದಲೇ ಆ ಎರಡು ತುಂಡುಗಳನ್ನು ಮಾಡಿಸಿ ಜೋಡಿಸಿ ವಿನ್‌ಬ್ಲಾಸ್ಟಿನ್ ಪಡೆದರು.

ಅದಕ್ಕಿಂತ ಮೊದಲು, 2010ರಲ್ಲಿ, ನೋಬಲ್ ಇದ್ದ ಒಂಟಾರಿಯೋದ್ದೇ ಬ್ರಾಕ್ ವಿಶ್ವವಿದ್ಯಾಲಯದವರು ಎಲೆಯನ್ನು ಅರೆಯದೆ, ಇಡಿಯಾಗಿ ದ್ರಾವಕದಲ್ಲಿ ಅದ್ದಿ ತೆಗೆದು ನೋಡಿದ್ದರು. ಎರಡು ತುಂಡುಗಳಲ್ಲಿ ಒಂದಾದ ಕ್ಯಾಥರಾಂಥಿನ್ ಎಲೆಯ ಮೇಲ್ಮೈ ಮೇಣದಲ್ಲೇ ಸಿಕ್ಕಿತು, ಇನ್ನೊಂದು ತುಂಡು ಎಲೆಯ ಒಳಗೆ ಉಳಿದಿತ್ತು ಎಂದು ಅವರು ವರದಿ ಮಾಡಿದರು. ಹಾಗಿದ್ದರೆ, ಬೂಜು, ಹುಳ ಬಂದು ಮುಟ್ಟುವ ಜಾಗದಲ್ಲೇ ಗಿಡ ತನ್ನ ಕಾವಲು ಇಟ್ಟಿದೆ. ಆಡಿನ ನಾಲಗೆ ಮೊದಲು ತಾಗುವುದೂ ಅಲ್ಲೇ.